ಬಾವಿ ದಂಡೆಯ ಕಲ್ಲುಹೂವು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾಲೇಜಿನಲ್ಲಿ ಆ ಹೆಸರು ಬೇಕಾದಷ್ಟು ಸವೆದಿದೆ. ಸಸ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ನಿಂತು ಕಾರಿಡಾರಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದೆವು. ಚಾಕ್‌ಪೀಸ್ ತಾ, ಫ್ಯಾನ್ ಹಾಕು, ಚಹಾ ಹೇಳು. ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು, ಅವರಿಗೆ ನಲವತ್ತು ದಾಟಿತ್ತು. ಮೊದಲ ದಿನವೇ ನಾನೂ ಹೆಸರು ಹಿಡಿದು ಕೂಗಿದೆ. ಯಾರೂ ತಡೆಯಲಿಲ್ಲ, ಅವರೂ ತಡೆಯಲಿಲ್ಲ. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಸತ್ತ ಮೇಲೆ ಮರ್ಯಾದೆ ಕೊಡುವುದಕ್ಕೆ ನಮಗೆ ಯಾವ ತೊಂದರೆಯೂ ಇಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ಪ್ರಾಚಾರ್ಯರ ಕೋಣೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದ ಅಟೆಂಡರಿಗೆ ಸಭೆ ಕರೆದದ್ದೇ ದೊಡ್ಡದು ಎಂಬ ಭಾವ ಎಲ್ಲರ ಮುಖದಲ್ಲೂ ಇತ್ತು. ಒಬ್ಬರು ‘ಸದಾ ನಗುಮೊಗದ ವ್ಯಕ್ತಿ’ ಎಂದರು. ಇನ್ನೊಬ್ಬರು ‘ಎಂದೂ ಎದುರು ಮಾತಾಡಿದವರಲ್ಲ’ ಎಂದರು. ಮೂರನೆಯವರು ಹೆಸರನ್ನೇ ತಪ್ಪು ಹೇಳಿದರು. ನನ್ನ ಸರದಿ ಬಂದಾಗ ನಾನು ಏಳಲಿಲ್ಲ. ದುಃಖ ಉಕ್ಕಿ ಬಂದಿದೆ ಎಂದುಕೊಂಡು ಪಕ್ಕದವರು ನನ್ನ ಭುಜ ತಟ್ಟಿದರು. ದುಃಖವಲ್ಲ, ನನಗೆ ಸಿಟ್ಟು ಬಂದಿತ್ತು. ಅವರೇನು ಸದಾ ನಗುತ್ತಿರಲಿಲ್ಲ. ಎದುರು ಮಾತಾಡಿದ್ದರು, ಒಮ್ಮೆ, ನನ್ನೆದುರಿಗೇ. ಆ ಸಭೆಯ ಮೇಲಿನ ಸಿಟ್ಟು ಒಂದು ಪಾಲಾದರೆ ನನ್ನ ಮೇಲಿನದು ಮೂರು ಪಾಲು. ಅದನ್ನು ಎಲ್ಲಾದರೂ ಇಳಿಸಲೇಬೇಕು.

ಅವರು ಬಬಲೇಶ್ವರದ ಹತ್ತಿರದ ಜೈನಾಪುರದವರು. ಬೌದ್ಧ ಮನೆತನ, ಮೆಟ್ರಿಕ್‌ವರೆಗೆ ಓದು, ದಿನಾ ಬೆಳಿಗ್ಗೆ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು ಎಲ್ಲರಿಗಿಂತ ಮೊದಲು ಲ್ಯಾಬಿನ ಬೀಗ ತೆಗೆಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಅದರ ಒಳಗೆ ಕಪ್ಪು ದಾರದಲ್ಲಿ ಕಟ್ಟಿದ ಏನೋ ಒಂದು. ವಿದ್ಯಾರ್ಥಿಗಳು ಅದನ್ನು ತಾಯಿತ ಎಂದುಕೊಂಡಿದ್ದರು. ಅದು ಕಿರುಬೆರಳಿನಷ್ಟು ಉದ್ದದ ಭೂತಗನ್ನಡಿ. ನಮ್ಮ ವಿಭಾಗದ ಹಿಂದಿನ ಮುಖ್ಯಸ್ಥರು ಕೊಟ್ಟದ್ದು. ಅವರನ್ನು ನಾವು ಈಗಲೂ ಹಳೆಯ ಸರ್ ಎನ್ನುತ್ತೇವೆ. ಇವರು ಬಸ್ ಸ್ಟ್ಯಾಂಡಿನಲ್ಲಿ, ಕೋಟೆ ಗೋಡೆಯ ಮಗ್ಗುಲಲ್ಲಿ, ಬೇವಿನ ಮರದ ಬುಡದಲ್ಲಿ ನಿಂತುಬಿಟ್ಟು ದಾರ ಎಳೆದು ಕಣ್ಣಿಗೆ ಹಚ್ಚುತ್ತಿದ್ದರು. ನೋಡಿದವರು ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರೇನೋ.

ಅವರು ನೋಡುತ್ತಿದ್ದದ್ದು ಕಲ್ಲುಹೂವನ್ನು. ಮಸಾಲೆಗೆ ಹಾಕುವ ಕಲ್ಲುಹೂವು ನಮ್ಮೆಲ್ಲರಿಗೂ ಗೊತ್ತು. ಸಿದ್ಧೇಶ್ವರ ಗುಡಿಯ ಸುತ್ತಲಿನ ಕಿರಾಣಿ ಅಂಗಡಿಗಳಲ್ಲಿ ಒಣಗಿದ ಬೂದು ಎಲೆಗಳಂತೆ ಸಿಗುತ್ತದೆ. ಅದು ಘಟ್ಟದ ಮರಗಳ ಮೇಲಿನದು. ನಮ್ಮ ಕಡೆಯ ಕರಿಕಲ್ಲಿನ ಮೇಲೆ ಬೆಳೆಯುವುದು ಅದರ ಬಡ ಬಂಧು. ತೆಳ್ಳಗೆ ಕಲ್ಲಿಗೆ ಅಂಟಿಕೊಂಡು ಬೂದು, ಕಿತ್ತಳೆ, ಕಪ್ಪು ಬಣ್ಣದ ವೃತ್ತಗಳಾಗಿ ಹರಡುತ್ತದೆ. ಗೊತ್ತಿಲ್ಲದವರಿಗೆ ಕಲೆಯಂತೆ ಕಾಣುತ್ತದೆ. ಅದಕ್ಕೆ ಬೇರಿಲ್ಲ. ಗಾಳಿಯಲ್ಲಿ ಬಂದದ್ದೇ ಊಟ, ಮಳೆಯಲ್ಲಿ ಬಂದದ್ದೇ ನೀರು. ಗಾಳಿ ಕೆಟ್ಟರೆ ಎಲ್ಲರಿಗಿಂತ ಮೊದಲು ಸಾಯುವುದು ಅದು. ಇಷ್ಟನ್ನು ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ.

ಅವರು ಕಲಿತದ್ದು ಕಾರವಾರದ ಕಡಲ ದಂಡೆಯಲ್ಲಿ. ಹಳೆಯ ಸರ್ ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಅಲ್ಲಿಗೆ ಪ್ರವಾಸ ಒಯ್ಯುತ್ತಿದ್ದರು. ಸಾಮಾನು ಹೊರಲು ಇವರು. ನಾನು ಸೇರಿದ ವರ್ಷ ನಾನೂ ಹೋಗಿದ್ದೆ. ಹುಡುಗರೆಲ್ಲ ನೀರಿಗೆ ಓಡಿದರು, ನಾನು ಕೊಡೆಯ ಕೆಳಗೆ ಕುಳಿತೆ. ಸರ್ ಮತ್ತು ಇವರು ಒಂದು ಬಂಡೆಯ ಮೇಲೆ ಮೊಣಕಾಲೂರಿದರು. ಪುಸ್ತಕಗಳಿಗೆ ಹೊದಿಸುವ ತಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಂಡೆಗೆ ಹಚ್ಚಿ, ಕಳೆದ ವರ್ಷ ಉಳಿಯಿಂದ ಕೊರೆದ ಗುರುತಿಗೆ ಸರಿ ಹೊಂದಿಸಿ, ಒಂದೊಂದು ಕಲ್ಲುಹೂವಿನ ಅಂಚನ್ನೂ ಇವರು ಪೆನ್ನಿನಲ್ಲಿ ಎಳೆದರು. ಅಲೆ ಬಂದು ಪ್ಯಾಂಟು ತೊಯ್ದರೂ ಕೈ ಅಲುಗಲಿಲ್ಲ. ನೀರಿನ ಹತ್ತಿರ ಕಪ್ಪು ಪಟ್ಟಿ, ಅದರ ಮೇಲೆ ಕಿತ್ತಳೆ, ಅದರ ಮೇಲೆ ಬೂದು. ವರ್ಷದಿಂದ ವರ್ಷಕ್ಕೆ ಆ ಪಟ್ಟಿಗಳು ಎಲ್ಲಿ ಸರಿದವು, ಯಾವುದು ಅಳಿಯಿತು ಎಂದು ನೋಡಿದರೆ ದಂಡೆಯ ಗಾಳಿಗೂ ನೀರಿಗೂ ಏನಾಗುತ್ತಿದೆ ಎಂದು ಹೇಳಬಹುದು. ಹತ್ತಿರದಲ್ಲಿ ಹಡಗುಕಟ್ಟೆಯ ಕೆಲಸ ಶುರುವಾದ ಮೇಲೆ ಬೂದು ಬಣ್ಣದವು ಹೇಗೆ ಚೂರುಚೂರಾಗಿ ಅಳಿದವು ಎಂಬುದು ಆ ಹಾಳೆಗಳಲ್ಲಿತ್ತು.

ಸರ್ ಅವರದು ಒಂದು ಕಟ್ಟುನಿಟ್ಟು. ಗೆರೆ ಎಳೆದವನು ತನ್ನ ಹಾಳೆಯನ್ನು ತಾನೇ ಒಪ್ಪಬಾರದು. ವಿಷಯ ಬಲ್ಲ ಇನ್ನೊಬ್ಬರು ಹಾಳೆಯನ್ನು ಮತ್ತೆ ಕಲ್ಲಿನ ಮೇಲಿಟ್ಟು ಹೋಲಿಸಿ ಸಹಿ ಮಾಡಬೇಕು. ಅದಕ್ಕೇ ಪ್ರತಿ ಹಾಳೆಯ ಕೆಳಗೆ ಎರಡು ಸಾಲು. ‘ಗೆರೆ ಎಳೆದವರು’, ‘ನೋಡಿದವರು’. ಕಡಲಿನ ಹಾಳೆಗಳಲ್ಲಿ ಮೊದಲ ಸಾಲಿನಲ್ಲಿ ಇವರ ಹೆಸರು, ಎರಡನೆಯದರಲ್ಲಿ ಸರ್ ಸಹಿ. ಸರ್ ಆ ಬಗ್ಗೆ ಲೇಖನ ಬರೆದಾಗ ಕೊನೆಯಲ್ಲಿ ‘ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು’ ಎಂದಷ್ಟೇ ಹಾಕಿದರು. ಒಳ್ಳೆಯ ಮನುಷ್ಯರೂ ಅಷ್ಟರಲ್ಲೇ ಮುಗಿಸುತ್ತಾರೆ. ಸರ್ ನಿವೃತ್ತರಾದ ಮೇಲೆ ಪ್ರವಾಸದ ಜವಾಬ್ದಾರಿ ನನಗೆ ಬಂತು. ಕಾರವಾರ ದೂರ, ಹುಡುಗರಿಗೆ ಬೇಜಾರು ಎಂದು ನಾನು ವಾಟರ್ ಪಾರ್ಕಿಗೆ ಬದಲಾಯಿಸಿದೆ. ಇವರು ಬೀರುವಿನಿಂದ ಕಡಲಿನ ಹಾಳೆಗಳನ್ನು ತೆಗೆದು ಒರೆಸಿ ಮತ್ತೆ ಒಳಗಿಟ್ಟರು.

ಕೆಲವು ತಿಂಗಳ ನಂತರ, ನಾನು ಉತ್ತರಪತ್ರಿಕೆ ನೋಡುತ್ತ ಕೂತಿದ್ದಾಗ, ಬಂದು ನಿಂತು ಹೇಳಿದರು.

“ಮೇಡಮ್ಮಾರ, ಸಮುದ್ರಕ್ಕ ದಂಡಿ ಐತಿ, ನಮ್ಮೂರ ಬಾಂವಿಗೂ ದಂಡಿ ಐತ್ರಿ. ನಾ ಅಲ್ಲೇ ಚಾಲೂ ಮಾಡೀನಿ.”

“ಹೂಂ, ಮಾಡು,” ಎಂದೆ. ತಲೆ ಎತ್ತಿರಲಿಲ್ಲ.

ಅವರ ವಿದ್ಯೆಯ ಲಾಭವನ್ನು ನಾನು ಪಡೆಯಲಿಲ್ಲ ಎಂದಲ್ಲ. ಮಗಳು ಹುಟ್ಟಿದ ವರ್ಷ ನಾವು ತವರುಮನೆ ಇರುವ ಜೋರಾಪುರ ಪೇಟೆಯಲ್ಲೇ ಒಂದು ಬಾಡಿಗೆ ಮನೆ ನೋಡಿದ್ದೆವು. ಸಾಮಾನು ಸಾಗಿಸಲು ಸಹಾಯಕ್ಕೆಂದು ಅವರನ್ನು ಕರೆದೆ. ಅವರು ಒಳಗೆ ಬರುವ ಮೊದಲು ಹಿತ್ತಿಲಿನ ಕಲ್ಲಿನ ಗೋಡೆಗೆ ಭೂತಗನ್ನಡಿಯ ಗಾಜು ಹಚ್ಚಿ ಉದ್ದಕ್ಕೂ ನೋಡಿದರು.

“ಈ ಮನಿ ಬ್ಯಾಡ್ರಿ ಮೇಡಮ್ಮಾರ. ಹಳೇ ಗ್ವಾಡಿ ಐತಿ, ಒಂದೂ ಕಲ್ಲಹೂ ಇಲ್ಲ. ಏನೋ ಹೊಗಿ ಬರತೈತಿ ಇಲ್ಲಿ. ಕೂಸಿನ್ನ ಕರಕೊಂಡ ಬರಬ್ಯಾಡ್ರಿ.”

ಮನೆ ಮಾಲೀಕರು ನಕ್ಕರು. “ಏನಲೇ, ಗ್ವಾಡಿಗೆ ಜಾತಕ ನೋಡ್ತೀ?” ನಾನೂ ನಕ್ಕೆ. ಆದರೆ ಕೂಸಿನ ಮಾತು ಬಂದದ್ದರಿಂದ ಆ ಮನೆ ಬಿಟ್ಟೆವು. ಹಿಂದಿನ ಓಣಿಯಲ್ಲಿ ಬಂಗಾರ ಕರಗಿಸಿ ಆ್ಯಸಿಡ್‌ನಲ್ಲಿ ತೊಳೆಯುವ ಕೆಲಸ ನಡೆಯುತ್ತಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಮಗಳ ಉಸಿರಿಗೆ ಅವರು ಕಾವಲು ನಿಂತದ್ದು ಹೀಗೆ. ಅವರ ತಂಗಿಯ ಉಸಿರಿಗೆ ನಾನು ಏನು ಮಾಡಿದೆ ಎಂಬುದೇ ಮುಂದಿನ ಕಥೆ.

ತಿಕೋಟಾ, ಬಬಲೇಶ್ವರದ ಕಡೆ ನೀರು ಬಂದ ಮೇಲೆ ದ್ರಾಕ್ಷಿ ತೋಟಗಳು ಹೆಚ್ಚಿದವು, ಒಣದ್ರಾಕ್ಷಿ ಮಾಡುವ ಶೆಡ್‌ಗಳು ಎದ್ದವು. ಜೈನಾಪುರದಲ್ಲಿ ಅವರ ಕೇರಿಯ ಪಕ್ಕ ಒಂದು ಹಳೆಯ ಕರಿಕಲ್ಲಿನ ಬಾವಿ, ಬಾವಿಯ ಮೂಡಲಿಗೆ ತಿಕೋಟಾದ ಮಾಲೀಕರೊಬ್ಬರ ಶೆಡ್. ಒಣಗಿದ ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಆ ಹೊಗೆ ಗಾಳಿಗಿಂತ ಭಾರ. ಕೋಣೆಯ ಬಾಗಿಲು ತೆಗೆದಾಗ ತಗ್ಗಿಗೆ ಇಳಿಯುತ್ತದೆ. ತಗ್ಗಿನಲ್ಲಿ ಇರುವುದು ಬಾವಿ ಮತ್ತು ಕೇರಿ. ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವರು ಅವರ ಒಬ್ಬಳೇ ತಂಗಿ. ಗಂಡನಿಲ್ಲದ ಹೆಣ್ಣುಮಗಳು, ಅಣ್ಣನ ಮನೆಯಲ್ಲೇ ಇದ್ದರು. ಎರಡು ಸುಗ್ಗಿ ಕಳೆಯುವುದರಲ್ಲಿ ದಮ್ಮು ಹತ್ತಿಕೊಂಡಿತು.

ಬಾವಿಯ ಸುತ್ತಲಿನ ಏಳು ಕಲ್ಲುಗಳಿಗೆ ಅವರು ಉಳಿ ಗುರುತು ಮಾಡಿದ್ದರು. ವರ್ಷಕ್ಕೊಮ್ಮೆ ಹಾಳೆ ಹಚ್ಚಿ ಎಳೆಯುತ್ತಿದ್ದರು. ಶೆಡ್ ಕಡೆಯ ಕಲ್ಲುಗಳಲ್ಲಿ ವೃತ್ತಗಳು ಒಳಗೊಳಗೇ ಕರಗುತ್ತಿದ್ದವು, ಆಚೆ ಬದಿಯ ಕಲ್ಲುಗಳಲ್ಲಿ ಹಾಗೇ ಇದ್ದವು. ಹಾಳೆಗಳನ್ನು ಹಿಡಿದು ಗಾಳಿಯ ಮಾಲಿನ್ಯ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಹೋದರು. ಶೆಡ್ ಮುಚ್ಚಿ ಎಂದು ಅವರು ಕೇಳಲಿಲ್ಲ, ಕೇರಿಯ ಹೆಣ್ಣುಮಕ್ಕಳ ಕೂಲಿ ಅಲ್ಲಿಂದಲೇ ಬರಬೇಕು. ಗಂಧಕದ ಕೋಣೆಯನ್ನು ಮೇಲಿನ ಹೊಲಕ್ಕೆ ಸರಿಸಿ ಎಂದಷ್ಟೇ. ಅಲ್ಲಿನ ಅಧಿಕಾರಿ ಹಾಳೆ ತಿರುವಿ, ‘ನೋಡಿದವರು’ ಎಂಬಲ್ಲಿ ಖಾಲಿ ಇದೆಯಲ್ಲ, ಯಾರಾದರೂ ಸಸ್ಯಶಾಸ್ತ್ರದ ಉಪನ್ಯಾಸಕರಿಂದ ಸಹಿ ಮಾಡಿಸಿ ತಾ ಎಂದರಂತೆ.

ಅವರು ನನ್ನ ಹತ್ತಿರ ಬಂದರು. ಒಂದು ಸಲವಲ್ಲ.

“ಒಮ್ಮಿ ಬರ್ರಿ ಮೇಡಮ್ಮಾರ. ಅರ್ಧಾ ತಾಸಿನ ಕೆಲಸ. ಹಾಳಿ ಕಲ್ಲಿನ ಮ್ಯಾಲ ಇಟ್ಟ ನೋಡ್ರಿ, ಸರಿ ಇದ್ರ ಸಹಿ ಮಾಡ್ರಿ. ತಪ್ಪಿದ್ರ ಹರದ ಒಗೀರಿ.”

ಮುಂದಿನ ರವಿವಾರ ಎಂದೆ. ಪರೀಕ್ಷೆ ಮುಗಿಯಲಿ ಎಂದೆ. ಬಿಸಿಲು ಇಳಿಯಲಿ ಎಂದೆ. “ಇಲ್ಲೇ ಕೊಡು, ಸಹಿ ಮಾಡ್ತೀನಿ,” ಎಂದೂ ಒಂದು ಸಲ ಅಂದೆ. ಅವರು ಹಾಳೆ ಹಿಂದಕ್ಕೆ ಎಳೆದುಕೊಂಡರು. “ನೋಡಲಾರದ ಸಹಿ ಬ್ಯಾಡ್ರಿ,” ಎಂದರು. ನನಗೆ ಎಂಥಾ ಸೊಕ್ಕು ಅನ್ನಿಸಿತು. ಆ ಶೆಡ್ ಮಾಲೀಕರ ಹೆದರಿಕೆಯಿಂದ ನಾನು ಹೋಗಲಿಲ್ಲ ಎಂದಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು. ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಒಬ್ಬ ಅಟೆಂಡರ್ ಎಳೆದ ಗೆರೆಯನ್ನು ನೋಡಲು ನಲವತ್ತು ನಿಮಿಷ ಬಸ್ಸಿನಲ್ಲಿ ಹೋಗಬೇಕೆಂದು ಅನ್ನಿಸಲೇ ಇಲ್ಲ, ಅಷ್ಟೇ. ಅದೇ ಹೊತ್ತಿಗೆ ಪ್ರತಿ ಸುಗ್ಗಿಗೂ ಅವರ ಕೈಯಲ್ಲೇ ಒಣದ್ರಾಕ್ಷಿ ತರಿಸುತ್ತಿದ್ದೆ. “ಕರ‍್ರಗಿನವು ಬ್ಯಾಡ, ಬಂಗಾರದ ಬಣ್ಣದ ಮನೂಕ ತಾ,” ಎನ್ನುತ್ತಿದ್ದೆ. ಅವರು ಅದನ್ನು ಜೋರಾಪುರ ಪೇಟೆಯ ನಮ್ಮ ತವರಿಗೆ ಮುಟ್ಟಿಸುತ್ತಿದ್ದರು. ನಮ್ಮ ಅವ್ವ ಹಿತ್ತಲ ಬಾಗಿಲಲ್ಲಿ ಬೇರೆ ಇಟ್ಟ ಲೋಟದಲ್ಲಿ ಅವರಿಗೆ ಚಹಾ ಕೊಡುತ್ತಿದ್ದಳು. ಅವರು ಕುಡಿದು ತೊಳೆದು ಮಗುಚಿಟ್ಟು ಬರುತ್ತಿದ್ದರು. ಆ ಲೋಟ ಯಾವುದೆಂದು ನನಗೆ ಗೊತ್ತಿತ್ತು.

ಅವರ ನಿವೃತ್ತಿಗೆ ಎರಡು ವಾರ ಉಳಿದಾಗ ನನಗೊಂದು ಸುಂದರ ಯೋಚನೆ ಹೊಳೆಯಿತು. ಆಗ ನಾನು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದ ಅಧಿಕಾರಿ. ಶಿಬಿರಕ್ಕೆ ಊರು ಹುಡುಕುತ್ತಿದ್ದೆ. ಇವರು ಅಷ್ಟು ವರ್ಷ ‘ನಮ್ಮೂರ ಬಾಂವಿ, ನಮ್ಮೂರ ಬಾಂವಿ’ ಎಂದದ್ದು ಕಿವಿಯಲ್ಲಿ ಉಳಿದಿತ್ತು. ಯಾಕೆ ಅನ್ನುತ್ತಿದ್ದರು ಎಂಬುದು ಮಾತ್ರ ಉಳಿದಿರಲಿಲ್ಲ. ಅವರ ಊರಿನ ಬಾವಿಯನ್ನು ಸ್ವಚ್ಛ ಮಾಡಿ ಅವರಿಗೆ ನಿವೃತ್ತಿಯ ಕಾಣಿಕೆ ಕೊಡೋಣ, ಅವರಿಗೆ ಹೇಳುವುದು ಬೇಡ, ಅಚ್ಚರಿಯಾಗಲಿ ಎಂದೆ. ಪ್ರಾಚಾರ್ಯರು ಮೆಚ್ಚಿಕೊಂಡರು.

ಐವತ್ತು ಹುಡುಗ ಹುಡುಗಿಯರು ತಂತಿ ಬ್ರಷ್, ಆ್ಯಸಿಡ್ ಬಾಟಲಿ, ಸುಣ್ಣದ ಬಕೆಟ್ ಹಿಡಿದು ಬಾವಿಗೆ ಇಳಿದರು. ಕಸ ತೆಗೆದದ್ದು ಒಳ್ಳೆಯದೇ. ಆಮೇಲೆ ಕಲ್ಲು ತಿಕ್ಕಲು ಶುರುವಾಯಿತು. ನಾನು ಕೊರಳಲ್ಲಿ ಸೀಟಿ ಹಾಕಿಕೊಂಡು ದಂಡೆಯ ಮೇಲೆ ನಿಂತಿದ್ದೆ. ಒಬ್ಬಳು ಹುಡುಗಿ ಬೂದು ವೃತ್ತವೊಂದನ್ನು ತೋರಿಸಿ ಹೋಗವೊಲ್ಲದು ಎಂದಳು. “ಆ್ಯಸಿಡ್ ಹಾಕಿ ತಿಕ್ಕು, ಕಲೆ ಹೋಗ್ತೈತಿ,” ಎಂದೆ. ಕಲೆ ಎಂದೆ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹದಿನೈದು ವರ್ಷಕ್ಕೂ ಮೇಲೆ ಆ ಪಾಠವನ್ನೇ ಹೇಳಿದವಳು, ಪುಸ್ತಕದ ಬಣ್ಣದ ಚಿತ್ರದಲ್ಲಿ ಗುರುತಿಸುತ್ತಿದ್ದದ್ದನ್ನು ಕಲ್ಲಿನ ಮೇಲೆ ಕಂಡಾಗ ಕಲೆ ಎಂದೆ. ಇದಕ್ಕೆ ನನ್ನ ಬಳಿ ಸಮಜಾಯಿಷಿ ಇಲ್ಲ.

ಆಗ ಕೇರಿಯಿಂದ ಒಬ್ಬ ಹೆಂಗಸು ಬಂದರು. ಏದುಸಿರು ಬಿಡುತ್ತಿದ್ದರು, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು.

“ಆ ಕಲ್ಲ ಮುಟ್ಟಬ್ಯಾಡ್ರಿ ಯವ್ವಾ. ಅವು ಹಂಗ ಇರಬೇಕ್ರಿ.”

ಅದು ಅವರ ತಂಗಿ ಎಂದು ನನಗೆ ಗೊತ್ತಿರಲಿಲ್ಲ, ನಾನು ಕೇಳಲೂ ಇಲ್ಲ. ಕಲ್ಲಿನಲ್ಲಿ ದೇವರನ್ನು ಕಾಣುವವರ ಪೈಕಿ ಎಂದು ತೀರ್ಮಾನಿಸಿ, ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಮೂಢನಂಬಿಕೆಯ ಮೇಲೆ ಐದು ನಿಮಿಷ ಭಾಷಣ ಮಾಡಿದೆ. ಕಲ್ಲು ಕಲ್ಲೇ, ಸ್ವಚ್ಛತೆಯೇ ದೇವರು ಎಂದೆ. ಮನೆಯಲ್ಲಿ ಒಂದು ದೇವರ ಪಟವೂ ಇಲ್ಲದ ಆ ಹೆಣ್ಣುಮಗಳಿಗೆ ನಾನು ಹೇಳಿದ ಪಾಠ ಇದು.

“ದೇವರಲ್ರಿ ಯವ್ವಾ, ನಮ್ಮಣ್ಣ ಬರಕೊಂತಾನ್ರಿ ಅದನ್ನ,” ಎಂದರು. ಕೆಮ್ಮು ಒತ್ತಿಕೊಂಡು ಬಂತು, ಮುಂದಿನ ಮಾತು ಆಡಲಾಗದೆ ಕಟ್ಟೆಗೆ ಕೂತರು. ನಾನು ಸೀಟಿ ಊದಿ ಕೆಲಸ ಮುಂದುವರಿಸಿದೆ.

ಮಧ್ಯಾಹ್ನದ ಬಸ್ಸಿಗೆ ಅವರನ್ನು ಕರೆಸಿಕೊಂಡೆವು. ಬಾವಿ ಹೊಳೆಯುತ್ತಿತ್ತು, ಅಂಚಿಗೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ. ಹುಡುಗರು ಚಪ್ಪಾಳೆ ತಟ್ಟಿದರು. ಅವರು ಅಂಗಿಯ ಒಳಗಿನಿಂದ ದಾರ ಎಳೆದು ಮೊದಲ ಕಲ್ಲಿಗೆ ಗಾಜು ಹಚ್ಚಿದರು. ಎರಡನೆಯದಕ್ಕೆ ಹಚ್ಚಿದರು. ಏಳೂ ಕಲ್ಲು ಮುಗಿಯುವವರೆಗೆ ಬಾವಿ ಸುತ್ತಿದರು. ನಮ್ಮ ಕೆಲಸವನ್ನು ಎಷ್ಟು ಪ್ರೀತಿಯಿಂದ ನೋಡುತ್ತಿದ್ದಾರೆ ಎಂದು ನಾನು ಪಕ್ಕದವರಿಗೆ ಹೇಳಿದೆ. ಗಾಜನ್ನು ಒಳಗೆ ಹಾಕಿಕೊಂಡು ಬಂದರು.

“ಹುಡುಗ್ರು ಭಾಳ ದುಡದಾರ. ಚಹಾ ಕುಡದ ಹೋಗ್ರಿ ಎಲ್ಲಾರೂ,” ಎಂದರು.

ಅವರ ಮನೆಯಿಂದ ಚಹಾ ಬಂದಾಗ ಹತ್ತು ಹನ್ನೆರಡು ಜನರಿಗೆ ಇದ್ದಕ್ಕಿದ್ದಂತೆ ಉಪವಾಸ ನೆನಪಾಯಿತು. ನಾನು ಕುಡಿದೆ. ಕುಡಿದದ್ದೇ ದೊಡ್ಡ ಸಮಾಜಸೇವೆ ಎಂದುಕೊಂಡೆ. ಗುಂಪಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಆ ವರ್ಷ ನಮ್ಮದು ಉತ್ತಮ ಶಿಬಿರವೆಂದು ಬಹುಮಾನ ಬಂತು. ದಿನಾಂಕ ಅಚ್ಚಾದ ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ಪ್ರಾಚಾರ್ಯರ ಕೋಣೆಯಲ್ಲಿ ತೂಗುಹಾಕಿದರು.

ಮುಂದಿನ ವಾರ ಕಚೇರಿಯವರು ಜೈನಾಪುರಕ್ಕೆ ಬಂದರು. ಸಹಿ ಸಿಗದ ಮೇಲೆ ಇವರು, ನೀವೇ ಬಂದು ಕಣ್ಣಾರೆ ನೋಡಿ ಎಂದು ಅರ್ಜಿ ಹಾಕಿ ಓಡಾಡಿ ಆ ದಿನ ಗೊತ್ತು ಮಾಡಿಸಿದ್ದರು. ಬಂದವರು ನೋಡಿದ್ದು ಸುಣ್ಣ ಬಳಿದ ಬಾವಿ. ಹಾಳೆಯಲ್ಲಿ ತೋರಿಸಿದಂಥದ್ದು ಸ್ಥಳದಲ್ಲಿ ಏನೂ ಇಲ್ಲ ಎಂದು ಬರೆದುಕೊಂಡು ಹೋದರು.

ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಬುಟ್ಟಿಯಲ್ಲಿ ಬಂಗಾರದ ಬಣ್ಣದ ಒಣದ್ರಾಕ್ಷಿಯ ಡಬ್ಬಿ. ಸಂಜೆ ಬೀಗದ ಕೈ ಒಪ್ಪಿಸಲು ಲ್ಯಾಬಿಗೆ ಬಂದರು. ಬೀರು ತೆಗೆದು, “ಸಮುದ್ರದ ಹಾಳಿ ನಿಮ್ಮವು, ಇಲ್ಲೇ ಇರ್ಲಿ. ಬಾಂವಿ ಹಾಳಿ ನಾ ಒಯ್ತೀನಿ,” ಎಂದರು. ಬೀಳ್ಕೊಡುವ ಹೊತ್ತಿನ ಮೆತ್ತಗಿನ ಮನಸ್ಸಿನಲ್ಲಿ, ತೋರಿಸು ನೋಡೋಣ ಎಂದೆ. ಅವರು ಮೇಜಿನ ಮೇಲೆ ಒಂದೊಂದಾಗಿ ಹರಡಿದರು. ಏಳು ಕಲ್ಲು, ಒಂದು ಕಲ್ಲಿನ ಒಡೆದ ಮೂಲೆ, ನಾನು ಕಾಲಿಟ್ಟು ನಿಂತಿದ್ದ ಕಲ್ಲಿನ ಬಿರುಕು. ಅದರ ಮೇಲೆ ನಾನು ಕಲೆ ಎಂದದ್ದು, ವರ್ಷವರ್ಷಕ್ಕೂ ಎಳೆದ ಗೆರೆಯಲ್ಲಿ. ಆಗ ನನಗೆ ಗುರುತು ಹತ್ತಿತು. ಆಗಲೂ ನನ್ನ ಬಾಯಿಂದ ಬಂದ ಮಾತು ಎಂಥದ್ದು ನೋಡಿ.

“ನನಗ್ಯಾಕ ಹೇಳಲಿಲ್ಲ ನೀ?”

ಅವರ ದನಿ ಏರಲಿಲ್ಲ. ಅಂಥ ಸಿಟ್ಟನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

“ಆರು ವರ್ಷ ಹೇಳೀನ್ರಿ. ಈ ಬಾಗಲದಾಗ ನಿಂತ ಹೇಳೀನಿ. ನೀವು ಹೂಂ ಅಂದ್ರಿ. ಫ್ಯಾನ್ ಹಾಕಂದ್ರ ಹಾಕೀನಿ, ಮನೂಕ ತಾ ಅಂದ್ರ ತಂದೀನಿ. ನಾ ಒಂದ ಅಂದೀನಿ, ಬಂದ ನೋಡ್ರಿ ಅಂತ. ನೀವು ನೋಡಾಕ ಬರಲಿಲ್ಲ, ತೊಳ್ಯಾಕ ಬಂದ್ರಿ.”

ಹಾಳೆಗಳನ್ನು ಸುತ್ತಿ, ದಾರ ಕಟ್ಟಿ, ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹಣ್ಣಿನ ಬುಟ್ಟಿ ಲ್ಯಾಬಿನ ಮೇಜಿನ ಮೇಲೆಯೇ ಉಳಿಯಿತು.

ಮರುದಿನವೇ ಕಚೇರಿಗೆ ಬರೆಯುತ್ತೇನೆ ಎಂದುಕೊಂಡಿದ್ದೆ. ‘ಕಲ್ಲುಗಳು ಬರಿದಾಗಿರುವುದು ನಾನು ತೊಳೆಸಿದ್ದರಿಂದ, ಈ ಹಾಳೆಗಳು ಸುಳ್ಳಲ್ಲ.’ ಎರಡು ಸಾಲಿನ ಪತ್ರ. ಬರೆದರೆ ಬಹುಮಾನದ ಶಿಬಿರದ ಮರ್ಯಾದೆ ಹೋಗುತ್ತದೆ, ಸಸ್ಯಶಾಸ್ತ್ರದವಳೇ ಹೀಗೆ ಮಾಡಿದಳು ಎಂದು ನಗುತ್ತಾರೆ. ನಾಲ್ಕು ವರ್ಷ ಆ ಎರಡು ಸಾಲು ಬರೆಯಲಿಲ್ಲ. ಗಂಧಕದ ಕೋಣೆ ಇದ್ದಲ್ಲೇ ಇತ್ತು.

ಶ್ರದ್ಧಾಂಜಲಿ ಸಭೆ ನಡೆದದ್ದು ಆ ಫೋಟೋದ ಕೆಳಗೆಯೇ. ನಗುಮೊಗ, ನಗುಮೊಗ ಎಂದು ಸಭೆಯವರು ಹೇಳುತ್ತಿದ್ದಾಗ ನಾನು ಫೋಟೋದಲ್ಲಿ ಅವರ ಮುಖ ಹುಡುಕಿದೆ. ಹಿಂದಿನ ಸಾಲಿನ ತುದಿಯಲ್ಲಿ, ನಗದೆ, ನಮ್ಮ ಕಡೆಗಲ್ಲ, ಕಲ್ಲಿನ ಕಡೆ ನೋಡುತ್ತ ನಿಂತಿದ್ದರು. ಸಭೆ ಮುಗಿದ ಮೇಲೆ ಕುರ್ಚಿ ಎಳೆದು ಹತ್ತಿ ಚೌಕಟ್ಟನ್ನು ಇಳಿಸಿಕೊಂಡೆ.

“ಏನ್ ಮಾಡ್ತೀರಿ ಮೇಡಂ?” ಎಂದರು ಪ್ರಾಚಾರ್ಯರು.

“ಇಲ್ಲಿ ಇದು ಬ್ಯಾಡ್ರಿ,” ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ರವಿವಾರ ಜೈನಾಪುರಕ್ಕೆ ಹೋದೆ. ಆ ರವಿವಾರ ಬರಲು ಹತ್ತು ವರ್ಷ ಬೇಕಾಯಿತು. ತಂಗಿ ಬಾಗಿಲಲ್ಲಿ ಕುಳಿತಿದ್ದರು, ಕೈಯಲ್ಲಿ ಉಸಿರಿನ ಪಂಪು. ಗಂಧಕದ ಕೋಣೆಗೆ ಈಗ ಹೋಗುವುದಿಲ್ಲ, ಶೆಡ್‌ನಲ್ಲಿ ಕಸ ಕಡ್ಡಿ ಆರಿಸುವ ಕೆಲಸ. ಆದರೆ ಹೊಗೆ ಮನೆಗೇ ಬರುತ್ತದೆ. ನನ್ನನ್ನು ಗುರುತಿಸಿದರು, ಒಳಗೆ ಕರೆದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಸುರುಳಿಯನ್ನು ತಂದು ಬಿಚ್ಚಿದರು. ಎಲ್ಲಕ್ಕಿಂತ ಮೇಲೆ ಒಂದು ಹಾಳೆ. ಏಳು ಕಲ್ಲಿನ ಅಂಚು, ಉಳಿ ಗುರುತು, ಒಳಗೆ ಒಂದೂ ಗೆರೆ ಇಲ್ಲ. ದಿನಾಂಕ ನಮ್ಮ ಶಿಬಿರದ್ದು. ನಾವು ಚಹಾ ಕುಡಿದು ಬಸ್ ಹತ್ತಿದ ಮೇಲೆ, ಬರಿದಾದ ಕಲ್ಲುಗಳಿಗೆ ಅದೇ ಸಂಜೆ ಹಾಳೆ ಹಚ್ಚಿದ್ದರು. ಅದರ ಕೆಳಗೆ ನಾಲ್ಕು ವರ್ಷದ ನಾಲ್ಕು ಹಾಳೆ. ಆಚೆ ಬದಿಯ ಕಲ್ಲುಗಳಲ್ಲಿ ಮೊದಲು ಚುಕ್ಕೆ, ಆಮೇಲೆ ಸಾಸಿವೆ ಕಾಳಿನಷ್ಟು ವೃತ್ತ. ಶೆಡ್ ಕಡೆಯ ಮೂರು ಕಲ್ಲುಗಳಲ್ಲಿ ನಾಲ್ಕೂ ವರ್ಷ ಏನೂ ಇಲ್ಲ. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಏಳು ಕಲ್ಲೂ ಒಂದೇ ದಿನ, ಒಂದೇ ಬ್ರಷ್ಷಿನಲ್ಲಿ ಸೊನ್ನೆಯಾಗಿದ್ದವು. ನಾನು ಹಾಳು ಮಾಡಿದ್ದನ್ನೇ ಅವರು ಹೊಸ ಪ್ರಯೋಗದ ಮೊದಲ ದಿನ ಮಾಡಿಕೊಂಡಿದ್ದರು. ಹಳೆಯ ಹಾಳೆಗಳಿಗಿಂತ ಗಟ್ಟಿ ಸಾಕ್ಷಿ ಇದು. ಕೊರತೆ ಒಂದೇ. ಎಲ್ಲದರಲ್ಲೂ ‘ನೋಡಿದವರು’ ಎಂಬ ಸಾಲು ಖಾಲಿ.

“ಅಣ್ಣ ಹೇಳಿದ್ದ್ರಿ,” ಎಂದರು ತಂಗಿ, ನಡುವೆ ಉಸಿರು ತೆಗೆದುಕೊಂಡು. “ಮೇಡಮ್ಮಾರ ಬಂದ್ರ ಈ ಮ್ಯಾಲಿನ ಹಾಳಿ ಮೊದಲ ಕೊಡು. ಇದನ್ನ ಅವರು ನೋಡ್ಯಾರ.”

ಹೌದು, ಆ ಸೊನ್ನೆಯನ್ನು ನಾನು ನೋಡಿದ್ದೆ. ದಿನಾಂಕ ಸಮೇತ ಅದರ ಫೋಟೋ ನನ್ನ ಚೀಲದಲ್ಲಿತ್ತು. ಮೊದಲ ಹಾಳೆಗೆ ಅಲ್ಲಿಯೇ ಸಹಿ ಮಾಡಿದೆ. ನಡುವಿನ ಮೂರಕ್ಕೆ ಮಾಡಲಿಲ್ಲ, ಆ ವರ್ಷಗಳನ್ನು ನಾನು ನೋಡಿಲ್ಲ. ಅವು ಖಾಲಿಯೇ ಇರುತ್ತವೆ, ಇರಬೇಕು. ಕ‌ಚೇರಿಗೆ ಕೊಡುವ ಪತ್ರವನ್ನು ಅದೇ ಮನೆಯಲ್ಲಿ ಕೂತು ಬರೆದೆ. ‘ಬಾವಿಯನ್ನು ತೊಳೆಸಿದವಳು ನಾನು’ ಎಂದು ಶುರು ಮಾಡಿದೆ.

ಕೊನೆಯ ಹಾಳೆ ಹಿಡಿದು ಬಾವಿಗೆ ಹೋದೆವು. ಮೂಡಲ ಗಾಳಿಯಲ್ಲಿ ಮೂಗು ಉರಿಯುವ ವಾಸನೆ ಇತ್ತು. ತಂಗಿ ಸೆರಗಿನ ಗಂಟು ಬಿಚ್ಚಿ ಕಪ್ಪು ದಾರದ ಗಾಜನ್ನು ಕೊಟ್ಟರು. ಹಾಳೆಯನ್ನು ಉಳಿ ಗುರುತಿಗೆ ಹೊಂದಿಸಿ ಒಂದೊಂದು ಕಲ್ಲಿಗೂ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಏಳನೆಯ ಕಲ್ಲು ಮುಗಿದ ಮೇಲೆ ಹಾಳೆಯನ್ನು ದಂಡೆಯ ಮೇಲಿಟ್ಟು, ‘ನೋಡಿದವರು’ ಎಂಬಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

“ಆತ್ರಿ?” ಎಂದರು ತಂಗಿ.

“ಆತವ್ವಾ.”

“ಎಷ್ಟ ಹೊತ್ತ ಹಿಡೀತು?”

ಗಡಿಯಾರ ನೋಡಿದೆ. “ಇಪ್ಪತ್ತ ನಿಮಿಷ.”

ಅವರು ಪಂಪನ್ನು ಬಾಯಿಗಿಟ್ಟು ಉಸಿರೆಳೆದುಕೊಂಡು ಹೇಳಿದರು.

“ಅಣ್ಣ ಅರ್ಧಾ ತಾಸ ಅಂತಿದ್ದ.”